ಲೆಕ್ಕದಿಂದ ಅಣುವನ್ನು ಕಂಡ ಡೊರೊತಿ ಹಾಡ್ಜ್‌ಕಿನ್

ಪೆನಿಸಿಲಿನ್, ಬಿ12, ಇನ್ಸುಲಿನ್. ಈ ಹೆಸರುಗಳನ್ನು ಕೇಳದ ಮನೆ ನಮ್ಮ ಊರುಗಳಲ್ಲಿ ಇರಲಾರದು. ಮೂರರ ಒಳರಚನೆಯನ್ನೂ ಬಿಡಿಸಿದ ತಂಡಗಳ ಮುಂದಾಳು ಒಬ್ಬರೇ ಮಹಿಳೆ. ಈ ಬಾರಿ ಅವರ ಪರಿಚಯ ಮಾಡಿಕೊಳ್ಳೋಣ.

ಡೊರೊತಿ ಹುಟ್ಟಿದ್ದು 1910ರ ಮೇ 12ರಂದು, ಕೈರೋದಲ್ಲಿ. ಆಕ್ಸ್‌ಫರ್ಡಿನಲ್ಲಿ ರಸಾಯನಶಾಸ್ತ್ರ ಓದಿ, ಕೇಂಬ್ರಿಜ್‌ನಲ್ಲಿ ಜೆ. ಡಿ. ಬರ್ನಾಲ್ ಅವರ ಬಳಿ ಸಂಶೋಧನೆ ಮಾಡಿ, 1934ರಲ್ಲಿ ಆಕ್ಸ್‌ಫರ್ಡಿಗೆ ಮರಳಿದರು. ಅದೇ ಹೊತ್ತಿಗೆ ಸಂಧಿವಾತ ಅಂಟಿಕೊಂಡಿತು. ಆಗ ಅವರಿಗೆ ಬರೀ 24 ವರ್ಷ. ಬೆರಳುಗಳು ಸೊಟ್ಟಗಾಗುತ್ತ ಹೋದವು; ಕೆಲಸವೋ, ಸಣ್ಣ ಹರಳುಗಳನ್ನು ಕೈಯಲ್ಲಿ ಹಿಡಿದು ಕೂರಿಸುವಂಥದ್ದು.

ಹರಳಿನ ಮೂಲಕ ಕ್ಷಕಿರಣ ಹಾಯಿಸಿದರೆ ಫಿಲ್ಮಿನ ಮೇಲೆ ಚುಕ್ಕೆಗಳು ಮೂಡುತ್ತವೆ. ಅಣುವಿನ ಚಿತ್ರ ಅಲ್ಲಿರುವುದಿಲ್ಲ. ಚುಕ್ಕೆಗಳ ಕಾಂತಿ ಅಳೆದು, ಒಂದೊಂದನ್ನೂ ಅಲೆಯೆಂದು ಬಗೆದು, ಎಲ್ಲವನ್ನೂ ಕೂಡಿಸಿ ಇಲೆಕ್ಟ್ರಾನ್‌ಗಳು ದಟ್ಟವಾಗಿರುವ ಜಾಗಗಳ ನಕ್ಷೆ ತೆಗೆಯಬೇಕು. ತೊಡಕೆಂದರೆ, ಅಲೆ ಎಲ್ಲಿಂದ ಏರತೊಡಗಿತು ಎಂಬುದನ್ನು ಚುಕ್ಕೆ ಹೇಳುವುದಿಲ್ಲ. ಅದನ್ನು ಊಹಿಸಿ, ಲೆಕ್ಕ ಹಾಕಿ, ತಿದ್ದಿ, ಮತ್ತೆ ಲೆಕ್ಕ ಹಾಕಬೇಕು. ಪೆಟ್ಟಿಗೆಯಲ್ಲಿ ಜೋಡಿಸಿಟ್ಟ, ಸೈನ್-ಕೊಸೈನ್ ಬೆಲೆಗಳು ಅಚ್ಚಾದ ಕಾಗದದ ಪಟ್ಟಿಗಳೇ ಆ ಕಾಲದ ಕಂಪ್ಯೂಟರು!

ಯುದ್ಧದ ವರ್ಷಗಳಲ್ಲಿ ಪೆನಿಸಿಲಿನ್ ಕೈಗೆತ್ತಿಕೊಂಡಾಗ ತೂತುಕಾರ್ಡಿನ ಯಂತ್ರದ ನೆರವೂ ಸಿಕ್ಕಿತು. 1945ರಲ್ಲಿ ನಕ್ಷೆಯಲ್ಲಿ ಬೀಟಾ ಲ್ಯಾಕ್ಟಮ್ ಎಂಬ ನಾಲ್ಕು ಪರಮಾಣುಗಳ ಉಂಗುರ ಕಂಡಿತು. ಆಕ್ಸ್‌ಫರ್ಡಿನವರೇ ಆದ ಹೆಸರಾಂತ ರಸಾಯನಶಾಸ್ತ್ರಜ್ಞ ರಾಬರ್ಟ್ ರಾಬಿನ್ಸನ್ ಬೇರೆಯೇ ರಚನೆಯ ಪರವಾಗಿದ್ದರು. ಲೆಕ್ಕ ಡೊರೊತಿಯವರ ಕಡೆಗಿತ್ತು.

ಬಿ12 ಇನ್ನೂ ದೊಡ್ಡದು. ಅಮೆರಿಕದ ಕೆನೆತ್ ಟ್ರೂಬ್ಲಡ್ ಲಾಸ್ ಏಂಜಲೀಸಿನ ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿ ಕಳಿಸುವರು, ಇವರು ಇಲ್ಲಿಂದ ತಿದ್ದಿ ಬರೆಯುವರು. ಹೀಗೆ ಅಂಚೆಯಲ್ಲೇ ಕೆಲಸ ಸಾಗಿ 1956ರ ಹೊತ್ತಿಗೆ ರಚನೆ ಪೂರ್ತಿಯಾಯಿತು.

1964ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಅವರೊಬ್ಬರಿಗೇ ಬಂತು. ಒಂದು ಬ್ರಿಟಿಷ್ ಪತ್ರಿಕೆ ಆಕ್ಸ್‌ಫರ್ಡಿನ ಗೃಹಿಣಿಗೆ ನೊಬೆಲ್ ಎಂದು ಬರೆಯಿತಂತೆ. ಮೂರು ಮಕ್ಕಳ ತಾಯಿ ಹೌದು; ಆದರೂ ನಮಗೆ ನಗುವಿನ ಜೊತೆ ಸಿಟ್ಟೂ ಬರುತ್ತದೆ.

ಇನ್ಸುಲಿನ್ ಹರಳಿನ ಮೊದಲ ಚಿತ್ರ ಅವರು ತೆಗೆದದ್ದು 1935ರಲ್ಲಿ, ರಚನೆ ಬಿಡಿಸಿದ್ದು 1969ರಲ್ಲಿ. ನಡುವೆ 34 ವರ್ಷ. ಆ ತಂಡದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್.ಡಿ. ಮುಗಿಸಿ ಹೋದ, ಕೇರಳದ ಎಂ. ವಿಜಯನ್ ಇದ್ದರು. ಅವರು ಅದೇ ಸಂಸ್ಥೆಗೆ ಮರಳಿ ಪ್ರೋಟೀನ್ ಹರಳುಗಳ ಅಧ್ಯಯನ ಕಟ್ಟಿದರು. ಡೊರೊತಿ 1994ರ ಜುಲೈ 29ರಂದು ತೀರಿಕೊಂಡರು.