ಟೆಲಿಫೋನ್ ಬೆಲ್ ಮಾಡಿದ ಉಸಿರಿನ ಜಾಕೆಟ್

ಅಲೆಕ್ಸಾಂಡರ್ ಗ್ರಹಾಂ ಬೆಲ್ ಅಂದ ತಕ್ಷಣ ನಮಗೆ ನೆನಪಾಗೋದು 1876ರ ಟೆಲಿಫೋನ್ ಪೇಟೆಂಟ್. ಆದ್ರೆ ಅವರು ಉಸಿರಾಟಕ್ಕೂ ಒಂದು ಯಂತ್ರ ಮಾಡಿದ್ರು ಅಂತ ತುಂಬಾ ಜನರಿಗೆ ಗೊತ್ತಿಲ್ಲ.

ಬೆಲ್ ಹುಟ್ಟಿದ್ದು 1847ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. 1867ರಲ್ಲಿ ತಮ್ಮ ಎಡ್ವರ್ಡ್, 1870ರಲ್ಲಿ ಅಣ್ಣ ಮೆಲ್ವಿಲ್, ಇಬ್ಬರೂ ಕ್ಷಯರೋಗಕ್ಕೆ ಬಲಿಯಾದರು. ಉಳಿದ ಒಬ್ಬ ಮಗನಾದ್ರೂ ಬದುಕಲಿ ಅಂತ ಅಪ್ಪ ಅಮ್ಮ ಅವರನ್ನು ಕರ್ಕೊಂಡು ಕೆನಡಾಗೆ ಹೋದರು.

1881ರ ಆಗಸ್ಟ್‌ನಲ್ಲಿ ಬೆಲ್‌ಗೆ ಗಂಡುಮಗು ಹುಟ್ಟಿತು. ತೀರಿಹೋದ ತಮ್ಮನ ಹೆಸರೇ ಮಗುವಿಗೂ: ಎಡ್ವರ್ಡ್. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಸರಿಯಾಗಿ ಉಸಿರಾಡೋಕೆ ಆಗಲಿಲ್ಲ. ಅದೇ ದಿನ ತೀರಿಕೊಂಡಿತು.

ಆಮೇಲೆ ಬೆಲ್ ಎದೆಯ ಸುತ್ತ ಗಾಳಿಯಾಡದಂತೆ ಕೂರುವ ಒಂದು ಲೋಹದ ಜಾಕೆಟ್ ಮಾಡಿದ್ರು. ಕೈಯಿಂದ ನಡೆಸುವ ಪಂಪಿನಲ್ಲಿ ಜಾಕೆಟ್ ಒಳಗಿನ ಗಾಳಿ ಎಳೆದರೆ ಒತ್ತಡ ಇಳಿಯುತ್ತೆ, ಎದೆ ಹಿಗ್ಗುತ್ತೆ, ಮೂಗಿನಿಂದ ಗಾಳಿ ತಾನಾಗೇ ಶ್ವಾಸಕೋಶಕ್ಕೆ ಹೋಗುತ್ತೆ. ಗಾಳಿ ವಾಪಸ್ ಬಿಟ್ಟರೆ ಉಸಿರು ಹೊರಗೆ ಬರುತ್ತೆ.

1883ರಲ್ಲಿ ಇನ್ನೊಬ್ಬ ಮಗ ರಾಬರ್ಟ್ ಕೂಡ ಉಳಿಯಲಿಲ್ಲ. ಜಾಕೆಟ್ ಆಸ್ಪತ್ರೆಗಳಲ್ಲಿ ಬಳಕೆಗೂ ಬರಲಿಲ್ಲ. 1922ರಲ್ಲಿ ಬೆಲ್ ತೀರಿಕೊಂಡರು.

1928ರಲ್ಲಿ ಬಾಸ್ಟನ್‌ನಲ್ಲಿ ಇದೇ ತತ್ವದ ‘ಐರನ್ ಲಂಗ್’ ಪೋಲಿಯೋ ರೋಗಿಗಳಿಗೆ ಬಂತು. ಮುಂದೆ ಎದೆಗಷ್ಟೇ ಕಟ್ಟಿಕೊಳ್ಳುವ ಕವಚಗಳೂ ಬಂದವು. ಉಸಿರಾಟದ ಸ್ನಾಯು ಸೋತವರು ಆಸ್ಪತ್ರೆ ಬಿಟ್ಟು ತಮ್ಮ ಮನೆಯಲ್ಲೇ ವರ್ಷಗಟ್ಟಲೆ ಬದುಕಿದ್ರು.

ಮುಂದಿನ ಸಲ ಕ್ವಿಜ್‌ನಲ್ಲಿ ಬೆಲ್ ಹೆಸರು ಬಂದರೆ ಈ ಜಾಕೆಟ್ಟನ್ನೂ ನೆನಪು ಮಾಡ್ಕೊಳ್ಳಿ.