ನಾಳಿನ ಯುದ್ಧವನ್ನು ಅರಸಿದ ದಂಡನಾಯಕ ಜನರಲ್ ಸುಂದರ್‌ಜಿ

2025ರ ಜುಲೈ 26ರಂದು, ಕಾರ್ಗಿಲ್ ವಿಜಯ ದಿವಸದ ಸಂದರ್ಭದಲ್ಲಿ, ಭಾರತೀಯ ಭೂಸೇನೆ ಹೊಸ ಸ್ವರೂಪದ ಪಡೆಗಳನ್ನು ಘೋಷಿಸಿತು. ಪದಾತಿ, ಟ್ಯಾಂಕು, ಫಿರಂಗಿಗಳನ್ನೆಲ್ಲ ಒಂದೇ ಸೂರಿನಡಿ ತರುವ ‘ರುದ್ರ’ ಬ್ರಿಗೇಡುಗಳು, ಹಗುರ ‘ಭೈರವ’ ಬೆಟಾಲಿಯನ್‌ಗಳು, ಪದಾತಿ ಬೆಟಾಲಿಯನ್‌ಗಳಿಗೆ ಡ್ರೋನ್ ತುಕಡಿಗಳು ಅದರಲ್ಲಿ ಸೇರಿದ್ದವು. ಯಂತ್ರ ಬದಲಾದಾಗ ಸೇನೆಯ ರಚನೆಯೂ ಬದಲಾಗಬೇಕು ಎಂಬ ಈ ವಿಚಾರ ಹೊಸದಲ್ಲ. ನಾಲ್ಕು ದಶಕಗಳ ಹಿಂದೆಯೇ ಅದನ್ನು ಹಟದಿಂದ ಪ್ರತಿಪಾದಿಸಿ, ಅದರ ಫಲವನ್ನೂ ಕಹಿಯನ್ನೂ ಉಂಡವರು ಜನರಲ್ ಕೃಷ್ಣಸ್ವಾಮಿ ಸುಂದರ್‌ಜಿ.

ತಮಿಳುನಾಡಿನ ಚೆಂಗಲ್ಪಟ್ಟುವಿನಲ್ಲಿ 1928ರಲ್ಲಿ ಜನಿಸಿದ ಸುಂದರ್‌ಜಿ, ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟು ಸೇನೆ ಸೇರಿದರು. 1946ರಲ್ಲಿ ಮಹಾರ್ ರೆಜಿಮೆಂಟಿನ ಅಧಿಕಾರಿಯಾದರು. 1963ರಲ್ಲಿ ವಿಶ್ವಸಂಸ್ಥೆಯ ಪಡೆಯೊಂದಿಗೆ ಕಾಂಗೋದಲ್ಲಿದ್ದರು. 1965ರ ಯುದ್ಧದಲ್ಲಿ ಬೆಟಾಲಿಯನ್ ಒಂದರ ನಾಯಕತ್ವ ವಹಿಸಿದರು. 1971ರಲ್ಲಿ ಬಾಂಗ್ಲಾ ವಿಮೋಚನಾ ಸಮರದ ರಂಗ್‌ಪುರ ವಲಯದಲ್ಲಿ ಕಾರ್ಯನಿರ್ವಹಿಸಿದರು. ಕಾಲಾಳುಪಡೆಯಿಂದ ಬಂದ ಈ ಅಧಿಕಾರಿಗೆ ಮುಂದೆ ಒಂದನೇ ಕವಚಿತ ಡಿವಿಷನ್ನಿನ ದಂಡನಾಯಕತ್ವ ದೊರೆಯಿತು. ಪದಾತಿದಳದ ಅಧಿಕಾರಿಯೊಬ್ಬರು ಆ ಸ್ಥಾನಕ್ಕೇರಿದ್ದು ಅದೇ ಮೊದಲು.

ಕಾಲಾಳಿಗೆ ಗಾಲಿ

1975ರಲ್ಲಿ ಲೆಫ್ಟಿನೆಂಟ್ ಜನರಲ್ ಕೆ.ವಿ. ಕೃಷ್ಣರಾವ್ ನೇತೃತ್ವದಲ್ಲಿ ಸೇನೆಯ ಮುಂದಿನ ದಶಕಗಳ ಸ್ವರೂಪವನ್ನು ಚಿಂತಿಸಲು ತಜ್ಞರ ಸಮಿತಿಯೊಂದು ರಚನೆಯಾಯಿತು. ಸುಂದರ್‌ಜಿ ಅದರ ಪ್ರಮುಖ ಚಿಂತಕರಲ್ಲೊಬ್ಬರು. ಅಂದಿನ ಸಮಸ್ಯೆ ಸರಳವಾಗಿತ್ತು. ಟ್ಯಾಂಕು ಮರುಭೂಮಿಯಲ್ಲಿ ಮುನ್ನುಗ್ಗಿದರೆ, ಲಾರಿಗಳಲ್ಲಿ ಬರುವ ಸಿಪಾಯಿಗಳು ಹಿಂದುಳಿಯುತ್ತಿದ್ದರು. ಸಿಪಾಯಿಗಳಿಲ್ಲದ ಟ್ಯಾಂಕು ಹೊಂಚು ಹಾಕಿ ಕುಳಿತ ಕ್ಷಿಪಣಿಗಾರನಿಗೆ ಸುಲಭದ ತುತ್ತು. ಹಾಗಾಗಿ ಸಿಪಾಯಿಗೂ ಕವಚವಿರುವ, ತೋಪು ಹೊತ್ತ ವಾಹನ ಬೇಕಾಯಿತು.

1979ರ ಏಪ್ರಿಲ್‌ನಲ್ಲಿ ಯಾಂತ್ರೀಕೃತ ಪದಾತಿದಳ ರೆಜಿಮೆಂಟು ಅಸ್ತಿತ್ವಕ್ಕೆ ಬಂದದ್ದು ಈ ಚಿಂತನೆಯ ಫಲ. ಮದ್ರಾಸ್, ಸಿಖ್, ಗೂರ್ಖಾ ಮುಂತಾದ ಹಳೆಯ ರೆಜಿಮೆಂಟುಗಳಿಂದ ಬೆಟಾಲಿಯನ್‌ಗಳನ್ನು ಆಯ್ದು ಸೋವಿಯತ್ ಬಿಎಂಪಿ ವಾಹನಗಳನ್ನು ನೀಡಲಾಯಿತು. ತಲೆಮಾರುಗಳಿಂದ ಬಂದ ಹೆಸರು, ಲಾಂಛನಗಳನ್ನು ತೊರೆಯುವುದು ಸಿಪಾಯಿಗೆ ಸಣ್ಣ ಸಂಗತಿಯಲ್ಲ. ಹೊಸ ರೆಜಿಮೆಂಟಿನ ಮೊದಲ ಕರ್ನಲ್ ಗೌರವ ಸಹಜವಾಗಿಯೇ ಸುಂದರ್‌ಜಿ ಅವರಿಗೆ ಸಂದಿತು.

ಮಹೂವಿನ ಯುದ್ಧ ಕಾಲೇಜಿನ ಮುಖ್ಯಸ್ಥರಾಗಿದ್ದಾಗ, 1981ರಲ್ಲಿ, ಅವರು ಇನ್ನೊಂದು ನಿಷಿದ್ಧ ವಿಷಯಕ್ಕೆ ಕೈಹಾಕಿದರು. ಎದುರಾಳಿಯ ಬಳಿ ಅಣ್ವಸ್ತ್ರವಿದ್ದು ನಮ್ಮ ಬಳಿ ಇಲ್ಲದಿದ್ದರೆ ನಮ್ಮ ಟ್ಯಾಂಕುಗಳಿಗೆ ಏನು ಬೆಲೆ ಎಂಬ ಪ್ರಶ್ನೆಯನ್ನೆತ್ತಿ ಅಧಿಕಾರಿಗಳಿಂದ ಪ್ರಬಂಧಗಳನ್ನು ಬರೆಸಿದರು. ದೇಶದಲ್ಲಿ ಅಣ್ವಸ್ತ್ರ ನೀತಿಯ ಕುರಿತ ಗಂಭೀರ ಸೈನಿಕ ಚಿಂತನೆಗೆ ಅದು ನಾಂದಿಯಾಯಿತು.

ಸ್ವರ್ಣಮಂದಿರದ ಛಾಯೆ

1984ರ ಜೂನ್‌ನಲ್ಲಿ ಪಶ್ಚಿಮ ಕಮಾಂಡಿನ ಮುಖ್ಯಸ್ಥರಾಗಿದ್ದ ಸುಂದರ್‌ಜಿ ಅವರ ಹೆಗಲಿಗೆ ಬ್ಲೂಸ್ಟಾರ್ ಕಾರ್ಯಾಚರಣೆಯ ಹೊಣೆ ಬಿತ್ತು. ಬಯಲಿನ ಯುದ್ಧಕ್ಕೆಂದು ಮೀಸಲಾದ ಟ್ಯಾಂಕುಗಳು ಪವಿತ್ರ ಮಂದಿರದ ಆವರಣವನ್ನು ಹೊಕ್ಕವು. ಕವಚಿತ ವಾಹನವೊಂದು ರಾಕೆಟ್ ದಾಳಿಗೆ ತುತ್ತಾಯಿತು, ಅಕಾಲ ತಖ್ತ್ ತೋಪಿನ ಗುಂಡುಗಳಿಂದ ಜರ್ಜರಿತವಾಯಿತು. ಸೇನೆಯ 83 ಮಂದಿ ಮಡಿದರೆಂದು ಸರ್ಕಾರದ ಶ್ವೇತಪತ್ರ ತಿಳಿಸಿತು. ಸತ್ತ ನಾಗರಿಕರೆಷ್ಟು ಎಂಬುದು ಇಂದಿಗೂ ವಿವಾದವಾಗಿಯೇ ಉಳಿದಿದೆ. ಸಿಖ್ ಸಮುದಾಯದ ಮನಸ್ಸಿಗಾದ ಗಾಯ ಯಾವ ಲೆಕ್ಕಕ್ಕೂ ಸಿಗುವಂಥದಲ್ಲ.

1986ರ ಫೆಬ್ರುವರಿ 1ರಂದು ಅವರು ಭೂಸೇನಾ ಮುಖ್ಯಸ್ಥರಾದರು. ಪ್ರಧಾನಿ ರಾಜೀವ್ ಗಾಂಧಿ ಮತ್ತು ರಕ್ಷಣಾ ಖಾತೆಯ ರಾಜ್ಯ ಸಚಿವ ಅರುಣ್ ಸಿಂಗ್ ಇಬ್ಬರೂ ತಂತ್ರಜ್ಞಾನದ ಪಕ್ಷಪಾತಿಗಳಾಗಿದ್ದುದು ಅವರಿಗೆ ಅನುಕೂಲವಾಯಿತು. ಶತಮಾನದ ಅಂತ್ಯವನ್ನು ಕಣ್ಣೆದುರಿಗಿಟ್ಟುಕೊಂಡ ಯೋಜನೆ ಸಿದ್ಧವಾಯಿತು. ಬಯಲುಸೀಮೆಯ ಪದಾತಿ ಡಿವಿಷನ್‌ಗಳಿಗೆ ಯಾಂತ್ರೀಕೃತ ಬಲ ಸೇರಿಸುವ ‘ರ‍್ಯಾಪಿಡ್’ ರಚನೆ ಮೂಡಿತು. ಇವೆಲ್ಲವನ್ನೂ ಒರೆಗೆ ಹಚ್ಚಿದ್ದು 1986-87ರ ಚಳಿಗಾಲದಲ್ಲಿ ರಾಜಸ್ಥಾನದ ಮರಳುಗಾಡಿನಲ್ಲಿ ನಡೆದ ‘ಬ್ರಾಸ್‌ಟ್ಯಾಕ್ಸ್’ ಸಮರಾಭ್ಯಾಸ. ಅದರ ಗಾತ್ರ ಕಂಡು ಬೆದರಿದ ಪಾಕಿಸ್ತಾನ ತನ್ನ ಮೀಸಲು ಪಡೆಗಳನ್ನು ಗಡಿಯತ್ತ ಸರಿಸಿತು. ಎರಡೂ ದೇಶಗಳು ಯುದ್ಧದ ಅಂಚಿಗೆ ಬಂದು, ಮಾತುಕತೆಯ ನಂತರ ಹಿಂದೆ ಸರಿದವು. ಅದೇ ಅವಧಿಯಲ್ಲಿ ಅರುಣಾಚಲದ ಸುಮ್ದೊರಾಂಗ್ ಚು ಕಣಿವೆಯಲ್ಲಿ ಚೀನೀಯರು ನೆಲೆಯೂರಿದಾಗ, ಹೆಲಿಕಾಪ್ಟರುಗಳಲ್ಲಿ ಸೈನಿಕರನ್ನು ಎತ್ತರದ ನೆಲೆಗಳಿಗೆ ಸಾಗಿಸಿ ದೃಢವಾಗಿ ನಿಲ್ಲಿಸಿದರು.

ಫಿರಂಗಿ ಮತ್ತು ರಾಡಾರ್

ಬೊಫೋರ್ಸ್ ಪ್ರಕರಣದಲ್ಲಿ ಲಂಚದ ಗದ್ದಲದ ನಡುವೆ ಮರೆತುಹೋದ ತಾಂತ್ರಿಕ ಸಂಗತಿಯೊಂದಿದೆ. ಸೇನೆ ಮೊದಲು ಫ್ರಾನ್ಸಿನ ಫಿರಂಗಿಗೆ ಒಲವು ತೋರಿತ್ತು. ಆದರೆ ಹಾರಿಬರುವ ಗುಂಡಿನ ಪಥವನ್ನು ಅಳೆದು ಅದನ್ನು ಹಾರಿಸಿದ ಫಿರಂಗಿ ಎಲ್ಲಿದೆಯೆಂದು ತಿಳಿಸುವ ಅಮೆರಿಕನ್ ರಾಡಾರ್ ಪಾಕಿಸ್ತಾನದ ಕೈಸೇರಿತ್ತು. ಗುಂಡು ಹಾರಿಸಿ ಅಲ್ಲೇ ನಿಂತ ಫಿರಂಗಿಗೆ ಇನ್ನು ಉಳಿಗಾಲವಿರಲಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಮೂರು ಗುಂಡು ಹಾರಿಸಿ, ಸ್ವಂತ ಎಂಜಿನ್ನಿನ ಬಲದಿಂದ ಜಾಗ ಬದಲಿಸಬಲ್ಲ ಸ್ವೀಡನ್ನಿನ ಫಿರಂಗಿಗೆ ಸುಂದರ್‌ಜಿ ಕಾಲದಲ್ಲಿ ಆದ್ಯತೆ ದೊರೆತದ್ದು ಈ ಕಾರಣಕ್ಕೆ. 1986ರ ಮಾರ್ಚ್‌ನಲ್ಲಿ 410 ಫಿರಂಗಿಗಳಿಗೆ ಒಪ್ಪಂದವಾಯಿತು. ಮರುವರ್ಷ ಹಗರಣ ಸ್ಫೋಟಿಸಿತು. ಅದರ ಭೀತಿ ಎಷ್ಟಿತ್ತೆಂದರೆ, ಸೇನೆಗೆ ಮತ್ತೆ ಹೊಸ ವಿದೇಶೀ ಹೊವಿಟ್ಜರ್‌ಗಳು ವಿಧ್ಯುಕ್ತವಾಗಿ ಸೇರ್ಪಡೆಯಾದದ್ದು 2018ರಲ್ಲಿ.

ಜಾಫ್ನಾದ ಪಾಠ

ಮರುಭೂಮಿಗೆ ಹದಗೊಳಿಸಿದ ಸೇನೆಗೆ ವಿಧಿ ಒಡ್ಡಿದ ಯುದ್ಧ ಬೇರೆಯದೇ ಆಗಿತ್ತು. 1987ರ ಅಕ್ಟೋಬರ್‌ನಲ್ಲಿ ಶ್ರೀಲಂಕಾದಲ್ಲಿ ಶಾಂತಿಪಾಲನೆಗೆಂದು ಹೋದ ಪಡೆ ಎಲ್‌ಟಿಟಿಇ ವಿರುದ್ಧ ಸಮರಕ್ಕಿಳಿಯಿತು. ಜಾಫ್ನಾ ವಿಶ್ವವಿದ್ಯಾಲಯದ ಮೇಲೆ ರಾತ್ರೋರಾತ್ರಿ ಹೆಲಿಕಾಪ್ಟರುಗಳಿಂದ ಇಳಿದು ಉಗ್ರರ ನಾಯಕತ್ವವನ್ನು ಸೆರೆಹಿಡಿಯುವ ಯೋಜನೆಯನ್ನು, ರೇಡಿಯೋ ಸಂದೇಶಗಳನ್ನು ಕದ್ದಾಲಿಸಿದ್ದ ಎಲ್‌ಟಿಟಿಇ ಮೊದಲೇ ಅರಿತಿತ್ತು. ಸಿಖ್ ಲೈಟ್ ಇನ್‌ಫೆಂಟ್ರಿಯ 30 ಮಂದಿಯ ತುಕಡಿಯಲ್ಲಿ 29 ಮಂದಿ ಹತರಾದರು, ಒಬ್ಬ ಸೆರೆಸಿಕ್ಕ. ರಸ್ತೆಯಡಿ ಹೂತ ನೆಲಬಾಂಬುಗಳು ಬಿಎಂಪಿಗಳನ್ನು ಛಿದ್ರಗೊಳಿಸಿದವು. ಬೇಗನೆ ಮುಗಿಯುವುದೆಂದು ಎಣಿಸಿದ್ದ ಕಾರ್ಯಾಚರಣೆ 1990ರ ಮಾರ್ಚ್‌ವರೆಗೆ ಎಳೆದು, ಸುಮಾರು 1,200 ಭಾರತೀಯ ಯೋಧರ ಪ್ರಾಣವನ್ನು ತೆಗೆದುಕೊಂಡಿತು.

ದೂರದೃಷ್ಟಿಯುಳ್ಳ ದಂಡನಾಯಕನೊಬ್ಬ ಹತ್ತಿರದ ಯುದ್ಧವನ್ನು ಕಾಣದೇಹೋದದ್ದು ಹೇಗೆ? ಯಂತ್ರ, ವೇಗ, ಸಂವಹನಗಳನ್ನು ನಂಬಿದ ಸೇನೆಗೆ, ಅಗ್ಗದ ಸ್ಫೋಟಕ ಮತ್ತು ರೇಡಿಯೋ ಕೇಳುವ ಕಿವಿಯೂ ತಂತ್ರಜ್ಞಾನವೇ ಎಂಬುದು ತಡವಾಗಿ ಅರಿವಾಯಿತು. ಹೊಣೆ ಅವರೊಬ್ಬರದೇ ಅಲ್ಲ. ರಾಜಕೀಯ ನಾಯಕತ್ವದ ಗುರಿಯೇ ಮಸುಕಾಗಿತ್ತು. ಆದರೂ ಇತಿಹಾಸ ಸೇನಾ ಮುಖ್ಯಸ್ಥನನ್ನು ಬಿಟ್ಟುಕೊಡುವುದಿಲ್ಲ.

1988ರ ಏಪ್ರಿಲ್‌ನಲ್ಲಿ ನಿವೃತ್ತರಾದ ಸುಂದರ್‌ಜಿ, 1993ರಲ್ಲಿ ಭಾರತ-ಪಾಕ್ ಅಣುಸಮರದ ಕಲ್ಪಿತ ಕಥನವೊಂದನ್ನು ಪ್ರಕಟಿಸಿ ಅಣ್ವಸ್ತ್ರ ನೀತಿಯ ಕುರಿತ ಮೌನವನ್ನು ಮತ್ತೆ ಕೆಣಕಿದರು. 1998ರಲ್ಲಿ ಪೋಖ್ರಾನ್ ಪರೀಕ್ಷೆಗಳು ನಡೆದಾಗ ಅವರು ನರರೋಗದಿಂದ ಹಾಸಿಗೆ ಹಿಡಿದಿದ್ದರು. 1999ರ ಫೆಬ್ರುವರಿ 8ರಂದು ನಿಧನರಾದರು. ಮೂರು ತಿಂಗಳ ತರುವಾಯ ಕಾರ್ಗಿಲ್ ಯುದ್ಧ ಆರಂಭವಾಯಿತು. ಶಿಖರಗಳನ್ನು ಮರಳಿ ಗೆಲ್ಲುವಲ್ಲಿ ನೆರವಾದದ್ದು ಅದೇ ಬೊಫೋರ್ಸ್ ಫಿರಂಗಿಗಳು.

ಅವರು ಕಟ್ಟಿದ ಭಾರೀ ದಾಳಿ ಪಡೆಗಳಿಗೂ ಮಿತಿಯಿತ್ತು. 2001ರ ಡಿಸೆಂಬರ್‌ನ ಸಂಸತ್ ದಾಳಿಯ ಬಳಿಕ ಅವು ಗಡಿ ತಲುಪಲು ವಾರಗಳೇ ಹಿಡಿದವು. ಅಲ್ಲಿಂದೀಚೆಗೆ ಸೇನೆ ಸಣ್ಣ, ಚುರುಕಾದ ಪಡೆಗಳತ್ತ ಹೊರಳಿದೆ. ಡ್ರೋನ್ ತುಕಡಿಗಳಿಗೆ ಇಂದು ತರಬೇತಿ ನೀಡುತ್ತಿರುವ ಅಧಿಕಾರಿಗಳಿಗೆ ಸುಂದರ್‌ಜಿ ಅವರ ಬದುಕಿನಲ್ಲಿ ಎರಡು ಪಾಠಗಳಿವೆ. ಹಳೆಯದನ್ನು ಬಿಡುವ ಧೈರ್ಯ ಒಂದು. ಶತ್ರು ನಮ್ಮ ಲೆಕ್ಕಾಚಾರದಂತೆಯೇ ಕಾದಾಡುವನೆಂದು ನಂಬದಿರುವ ಎಚ್ಚರ ಇನ್ನೊಂದು. ಮೊದಲನೆಯದನ್ನು ಅವರು ತಮ್ಮ ಗೆಲುವಿನಿಂದ ಕಲಿಸಿದರೆ, ಎರಡನೆಯದಕ್ಕೆ ಜಾಫ್ನಾದ ಗಲ್ಲಿಗಳಲ್ಲಿ ಸಾಮಾನ್ಯ ಸಿಪಾಯಿಗಳು ಬೆಲೆ ತೆತ್ತರು.