ನೈಟಿಂಗೇಲ್ ಬಂದ ಮೇಲೂ ಸೈನಿಕರ ಸಾವು ಏರಿದ್ದೇಕೆ?

ಮೇ 12ರ ನರ್ಸ್‌ಗಳ ದಿನ ಬಂತೆಂದರೆ ನಮ್ಮ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ದೀಪ ಹಿಡಿದ ಫ್ಲಾರೆನ್ಸ್ ನೈಟಿಂಗೇಲ್ ಚಿತ್ರ ಓಡಾಡುತ್ತದೆ. ಅವರು ಕಾಲಿಟ್ಟ ಕೂಡಲೇ ಯುದ್ಧದ ಆಸ್ಪತ್ರೆಯಲ್ಲಿ ಸಾವು ಇಳಿಯಿತು ಎಂಬ ಮಾತೂ ಜೊತೆಗಿರುತ್ತದೆ. ಆ ಮಾತು ನಿಜವಲ್ಲ. ತಮಾಷೆ ಎಂದರೆ, ಅದು ನಿಜವಲ್ಲವೆಂದು ಹೇಳುವ ಅಂಕಿಗಳನ್ನು ಜೋಡಿಸಿದವರಲ್ಲಿ ಅವರೂ ಒಬ್ಬರು.

1820ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಹುಟ್ಟಿದ್ದರಿಂದ ಆ ಹೆಸರು. ಸಿರಿವಂತ ಇಂಗ್ಲಿಷ್ ಮನೆತನ. ಗಣಿತವೆಂದರೆ ಅವರಿಗೆ ಪ್ರಾಣ. ನರ್ಸ್ ಆಗುತ್ತೇನೆಂದಾಗ ಮನೆಯವರು ಸುಲಭಕ್ಕೆ ಒಪ್ಪಲಿಲ್ಲ.

ಕ್ರಿಮಿಯನ್ ಯುದ್ಧದ ವೇಳೆ, 1854ರ ನವೆಂಬರ್‌ನಲ್ಲಿ, 38 ನರ್ಸ್‌ಗಳೊಂದಿಗೆ ಅವರು ಈಗಿನ ಇಸ್ತಾಂಬುಲ್‌ನಲ್ಲಿರುವ ಸ್ಕುಟರಿ ಆಸ್ಪತ್ರೆಗೆ ಬಂದರು. ಊಟ, ಬಟ್ಟೆ, ಹಾಸಿಗೆ ಎಲ್ಲ ಸುಧಾರಿಸಿತು. ಸಾವು ಮಾತ್ರ ಏರುತ್ತಲೇ ಹೋಯಿತು. 1855ರ ಫೆಬ್ರವರಿಯಲ್ಲಿ ಚಿಕಿತ್ಸೆ ಪಡೆದ 100 ಮಂದಿಯಲ್ಲಿ ಸುಮಾರು 42 ಮಂದಿ ತೀರಿಕೊಂಡರು. ಆಸ್ಪತ್ರೆಯ ಅಡಿಯಲ್ಲೇ ಚರಂಡಿ ಕಟ್ಟಿಕೊಂಡಿತ್ತು. ಮಾರ್ಚ್‌ನಲ್ಲಿ ಬ್ರಿಟನ್ನಿನಿಂದ ಬಂದ ನೈರ್ಮಲ್ಯ ಆಯೋಗ ಅದನ್ನು ತೊಳೆಸಿತು, ಗಾಳಿ ಆಡುವಂತೆ ಮಾಡಿತು, ಗೋಡೆಗೆ ಸುಣ್ಣ ಬಳಿಸಿತು. ಜೂನ್ ಹೊತ್ತಿಗೆ ಆ 42 ಸುಮಾರು 2ಕ್ಕೆ ಇಳಿಯಿತು.

ಯುದ್ಧ ಮುಗಿದ ಮೇಲೆ ಅವರು ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜೊತೆ ಕುಳಿತು ಲೆಕ್ಕ ತೆಗೆದರು. ಗಾಯಕ್ಕಿಂತ ತಡೆಯಬಹುದಾಗಿದ್ದ ರೋಗಗಳೇ ಹೆಚ್ಚು ಸೈನಿಕರನ್ನು ಕೊಂದಿದ್ದವು. ತಾವೇ ದುಡಿದ ಆಸ್ಪತ್ರೆಯ ಲೆಕ್ಕ ಇದು, ಮುಚ್ಚಿಡಬಹುದಿತ್ತು. ಅವರು ಅದಕ್ಕೆ ಬಣ್ಣ ಹಚ್ಚಿ ಚಿತ್ರ ಮಾಡಿದರು: ರೋಗಕ್ಕೆ ನೀಲಿ, ಗಾಯಕ್ಕೆ ಕೆಂಪು, ಉಳಿದ ಕಾರಣಗಳಿಗೆ ಕಪ್ಪು. ನೋಡಿದರೆ ನೀಲಿಯೇ ನೀಲಿ. 1858ರಲ್ಲಿ ಲಂಡನ್ನಿನ ಸ್ಟಾಟಿಸ್ಟಿಕಲ್ ಸೊಸೈಟಿ ಅವರನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿತು.

ನಮಗೆ ಹೆಚ್ಚು ಹಿಡಿಸಿದ್ದು ಅವರ ಇನ್ನೊಂದು ಹೋಲಿಕೆ. ಯುದ್ಧವಿಲ್ಲದ ಕಾಲದಲ್ಲೂ ಬ್ಯಾರಕ್‌ನಲ್ಲಿದ್ದ ಸೈನಿಕರು, ಅದೇ ವಯಸ್ಸಿನ ಊರವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಸಾಯುತ್ತಿದ್ದರು. ಸೈನ್ಯಕ್ಕೆ ಸೇರುವವರು ಗಟ್ಟಿಮುಟ್ಟಾದ ಹುಡುಗರು. ಸಾವು ಕಡಿಮೆ ಇರಬೇಕಿತ್ತು. ಬರೀ ಎಷ್ಟು ಮಂದಿ ಸತ್ತರು ಎಂದು ಎಣಿಸಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಎಷ್ಟು ಜನರಲ್ಲಿ, ಯಾವ ವಯಸ್ಸಿನವರಲ್ಲಿ ಎಂದು ಕೇಳಿದ್ದರಿಂದ ಕಂಡಿತು. ಮುಂದಿನ ಸಲ ‘ಇಷ್ಟು ಸಾವಿರ ಸಾವು’ ಎಂಬ ಫಾರ್ವರ್ಡ್ ಬಂದಾಗ ಇದೇ ಪ್ರಶ್ನೆ ಕೇಳಿ ನೋಡಿ.

ನಂತರ ಅವರ ಗಮನ ಭಾರತದತ್ತ ತಿರುಗಿತು. ಇಲ್ಲಿಗೆ ಅವರು ಒಮ್ಮೆಯೂ ಬರಲಿಲ್ಲ. ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದವರು ಸೇನಾ ಠಾಣೆಗಳಿಗೆ ಪ್ರಶ್ನಾವಳಿ ಕಳಿಸಿ ಉತ್ತರ ತರಿಸಿಕೊಂಡರು. 1863ರ ವರದಿಯ ಪ್ರಕಾರ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ 1000ಕ್ಕೆ 69 ಸಾವು. ಇದರಲ್ಲಿ ಸಹಜವೆನ್ನಬಹುದಾದದ್ದು 9 ಮಾತ್ರ ಎಂಬುದು ಅವರ ಲೆಕ್ಕ. ನೀರು, ಚರಂಡಿ, ಬ್ಯಾರಕ್‌ಗಳ ಸುಧಾರಣೆ ಶುರುವಾಗಿ ಹತ್ತು ವರ್ಷದಲ್ಲಿ ಅದು 18ಕ್ಕೆ ಇಳಿಯಿತು.

ಆದರೆ ಈ 69 ಮತ್ತು 18ರಲ್ಲಿ ನಮ್ಮ ಊರುಗಳ ಜನ ಇಲ್ಲ. ಇದು ಬಿಳಿ ಸೈನಿಕರ ಲೆಕ್ಕ. ಬರಬರುತ್ತಾ ನೈಟಿಂಗೇಲ್ ಹಳ್ಳಿಗಳ ನೈರ್ಮಲ್ಯ, ನೀರಾವರಿ, ಬರದ ಬಗ್ಗೆಯೂ ಬರೆಯತೊಡಗಿದರು. ಮೈಸೂರು ಸೀಮೆಯನ್ನೂ ಹಿಂಡಿದ 1876–78ರ ಬರಗಾಲದಲ್ಲಿ ಸತ್ತವರು ಎಷ್ಟು ಲಕ್ಷ ಎಂಬುದಕ್ಕೆ ಇಂದಿಗೂ ಅಂದಾಜುಗಳಷ್ಟೇ ಇವೆ.